ಕುರ್ತಕೋಟಿಯ ಹಾಡುಗಾರ ಯಾರ ಪೈಕಿ?

ಹಾಡು ಮುಗಿದ ಮೇಲೆ ಚಹಾ ಬರುತ್ತಿತ್ತು. ಚಹಾದ ಸಂಗಡ ಒಂದು ಪ್ರಶ್ನೆಯೂ ಬರುತ್ತಿತ್ತು. “ಹಾಡು ಭಾಳ ಚಲೋ ಆತ್ರಿ. ನೀವು ಯಾರ ಪೈಕಿ?”

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತ ಎಂಬತ್ತರ ದಶಕದಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹಾಡುತ್ತ ತಿರುಗಿದವರು ನಾವು. ಈ ಪ್ರಶ್ನೆ ಕೇಳದ ಊರು ನಮಗೆ ಸಿಗಲಿಲ್ಲ. ಹೆಸರು ಹೇಳಿದರೆ ಅಡ್ಡಹೆಸರು ಕೇಳುವರು. ಅಡ್ಡಹೆಸರು ಹೇಳಿದರೆ ಓಣಿ ಕೇಳುವರು. ಓಣಿ ಗೊತ್ತಾದ ಮೇಲೆ ನಮ್ಮೊಳಗೆ ಕೆಲವರಿಗೆ ಕಪ್ಪು-ಬಸಿ, ಕೆಲವರಿಗೆ ಹೊರಗಿನ ಗೋಡೆಯ ಮಾಡದಲ್ಲಿ ಇಟ್ಟಿರುವ ಗ್ಲಾಸು. ಈಗಷ್ಟೇ ಸಮಾನತೆಯ ಹಾಡಿಗೆ ತಲೆದೂಗಿದವರೇ ಈ ಗ್ಲಾಸು ಕೊಡುವವರು! ನಾವು ಸಿಟ್ಟಾಗುತ್ತಿದ್ದೆವು. ಆದರೆ ಗೆಳೆಯರೆ, ಅದೇ ಪ್ರಶ್ನೆಯನ್ನು ಈಗ ನಾವೇ ಇತಿಹಾಸಕ್ಕೆ ಕೇಳಬೇಕಾಗಿದೆ. ನಮ್ಮ ಸೀಮೆಯ ಬಹು ದೊಡ್ಡ ಬಂಡಾಯದ ಹಾಡೊಂದನ್ನು ಕಟ್ಟಿದವನು ಯಾರ ಪೈಕಿ?

ಹಾಡು ಯಾವುದೆಂದು ಹೈಸ್ಕೂಲು ಓದಿದವರಿಗೆಲ್ಲ ಗೊತ್ತು. ಹಲಗಲಿ ಬೇಡರ ಲಾವಣಿ. 1857ರಲ್ಲಿ ಕುಂಪಣಿ ಸರಕಾರ ಹತಾರದ ಕಾಯ್ದೆ ಹೊರಡಿಸಿತು. ಎಲ್ಲರೂ ತಮ್ಮ ಆಯುಧ ತಂದು ಒಪ್ಪಿಸಬೇಕು, ಬರೆಸಬೇಕು. ಸಂಸ್ಥಾನಿಕರಿಗೆ ಇದು ಮಾನದ ಪ್ರಶ್ನೆ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಇದು ಹೊಟ್ಟೆಯ ಪ್ರಶ್ನೆ. ಬೇಟೆ ಇಲ್ಲದೆ ಬೇಡ ಹೇಗೆ ಬದುಕಬೇಕು? ಹನುಮ, ಬಾಲ, ಜಡಗ, ರಾಮ ಅಂಬುವವರು ಕೊಡೂದಿಲ್ಲ ಅಂತ ನಿಂತರು. ಅದೇ ವರ್ಷದ ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಇಷ್ಟು ಸರಕಾರಿ ಕಾಗದದಲ್ಲಿಯೂ ಇದೆ. ಕಾಗದದಲ್ಲಿ ಇಲ್ಲದ್ದು ಲಾವಣಿಯಲ್ಲಿದೆ. ದಂಡು ಬಂದ ರಾತ್ರಿ ಊರೊಳಗೆ ಏನಾಯಿತು, ದನ ಏನಾದವು, ಪಾತ್ರೆ-ಪಗಡೆ ಏನಾದವು, ಲೂಟಿಯಲ್ಲಿ ಸಿಪಾಯಿಗಳು ಏನೇನು ಹೊತ್ತರು ಎಂಬುದೆಲ್ಲ. ಸುಟ್ಟ ಮನೆಯ ಲೆಕ್ಕವನ್ನು ಒಲೆಯ ಹತ್ತಿರ ಕೂತವನು ಮಾಡಿದ ಹಾಗೆ ಅಲ್ಲಿ ಲೆಕ್ಕವಿದೆ.

ಆ ಲಾವಣಿಯ ಕೊನೆಗೆ ಒಂದು ಅಂಕಿತವಿದೆ. ಕುರ್ತಕೋಟಿಯ ಕಲ್ಮೇಶನ ಹೆಸರು. ಕುರ್ತಕೋಟಿ ನಮ್ಮ ಗದಗ ತಾಲೂಕಿನ ಊರು. ಓದಿದ ಮಂದಿಗೆ ಕುರ್ತಕೋಟಿ ಅಂದರೆ ವಿಮರ್ಶಕ ಕೀರ್ತಿನಾಥರ ಅಡ್ಡಹೆಸರು, ಅಷ್ಟೇ. ಆದರೆ ಆ ಊರಿನ ದೇವರ ಹೆಸರು ಹೇಳಿ ಹಲಗಲಿಯ ಬೆಂಕಿಯನ್ನು ಹಾಡಿದ ಒಬ್ಬ ಮನುಷ್ಯ ಇದ್ದ. ದೇವರ ಹೆಸರು ಉಳಿಯಿತು. ಊರಿನ ಹೆಸರು ಉಳಿಯಿತು. ಹಾಡಿದವನ ಹೆಸರು ಹೋಯಿತು.

ಹೋದದ್ದು ಹೇಗೆ ಎಂಬುದನ್ನು ನೋಡಿರಿ. ಈ ಲಾವಣಿಗಳನ್ನು ಮೊಟ್ಟಮೊದಲು ಅಚ್ಚಿಗೆ ತಂದವನು ಜಾನ್ ಫೇಥ್‌ಫುಲ್ ಫ್ಲೀಟ್ ಎಂಬ ಬಿಳಿಯ ಅಧಿಕಾರಿ. ಲಕ್ಷ್ಮೇಶ್ವರದ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವನೂ ಅವನೇ. 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಲಾವಣಿ ಇವನ್ನೆಲ್ಲ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರಕಟಿಸಿದ. ಯಾವ ಸರಕಾರ ಹಲಗಲಿಯನ್ನು ಸುಟ್ಟಿತೋ ಅದೇ ಸರಕಾರದ ನೌಕರ ಹಲಗಲಿಯ ಹಾಡನ್ನು ಉಳಿಸಿದ. ನಾವು ಅವನಿಗೆ ಹಾರ ಹಾಕಲಿಕ್ಕೆ ಹೊರಟಿಲ್ಲ. ಆದರೆ ಆಗ ನಮ್ಮ ಪಂಡಿತರು ಏನು ಮಾಡುತ್ತಿದ್ದರು ಎಂದು ಕೇಳುವ ಹಕ್ಕು ನಮಗೆ ಇದೆ. ಶಾಸನದಲ್ಲಿ ರಾಜನ ಹೆಸರು, ಅಗ್ರಹಾರದ ಹೆಸರು, ದಾನ ತಗೊಂಡ ಭಟ್ಟರ ಗೋತ್ರ, ಕಲ್ಲು ಕೆತ್ತಿದವನ ಹೆಸರು ಕೂಡ ಸಿಗುತ್ತದೆ. ಲಾವಣಿ ಹಾಡಿದವನಿಗೆ ಅಷ್ಟೂ ದಕ್ಕಲಿಲ್ಲ.

ಅದೇ ದಂಗೆಯ ಇನ್ನೊಂದು ತುದಿ ನಮ್ಮ ಮುಂಡರಗಿ. ಮುಂಡರಗಿ ಭೀಮರಾಯ 1858ರ ಮೇ ತಿಂಗಳಲ್ಲಿ ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆ ಹಿಡಿದು, ಜೂನ್ 1ರಂದು ಅಲ್ಲಿಯೇ ಬ್ರಿಟಿಷರ ಗುಂಡಿಗೆ ಸತ್ತ. ಮೊದಲು ಸರಕಾರದ ತಹಸೀಲದಾರಿಕೆ ಮಾಡಿದವನು. ಅವನ ಸಂಗಡ ಹಮ್ಮಿಗಿಯ ದೇಸಾಯಿ ಕೆಂಚನಗೌಡ. ಇವರ ಧೈರ್ಯದ ಬಗ್ಗೆ ನಮಗೆ ಎರಡು ಮಾತಿಲ್ಲ. ಹೆಸರು, ಮನೆತನ, ವಾಡೆ, ಉಂಬಳಿ, ಎಲ್ಲ ಇತಿಹಾಸದಲ್ಲಿ ಬರೆದಿಟ್ಟಿದೆ. ಅವರ ಹಿಂದೆ ಕೊಪ್ಪಳದ ಕೋಟೆ ಹತ್ತಿದವರು ಯಾರು? ಅವರೂ ಸತ್ತರಲ್ಲ? ಇತಿಹಾಸ ಬರೆಯುವವರು ಅವರನ್ನು ‘ಅನುಯಾಯಿಗಳು’ ಅಂತ ಒಂದೇ ಶಬ್ದದಲ್ಲಿ ಮಣ್ಣು ಮಾಡಿದ್ದಾರೆ.

ಗೀಗೀ ಪದ, ಲಾವಣಿ ಕೇಳಿ ಬೆಳೆದವರಿಗೆ ಇದರ ಗುಟ್ಟು ಗೊತ್ತಿರಬೇಕು. ಮೇಳದಲ್ಲಿ ಮುಮ್ಮೇಳ ಉಂಟು, ಹಿಮ್ಮೇಳ ಉಂಟು. ಮುಂದೆ ನಿಂತವನು ದಪ್ಪು ಬಾರಿಸುತ್ತ ಪದ ಎತ್ತುತ್ತಾನೆ. ಹಿಂದಿನವರು ತುಂತುಣಿ ಮಿಡಿಯುತ್ತ, ತಾಳ ಹಾಕುತ್ತ ಗೀಗೀ ಅಂತ ಎತ್ತಿಕೊಡುತ್ತಾರೆ. ಹರದೇಶಿ-ನಾಗೇಶಿ ಜಿದ್ದಿಗೆ ಬಿದ್ದರೆ ರಾತ್ರಿ ಬೆಳಗಾಗುವ ತನಕ ಸವಾಲು ಜವಾಬು. ನಾಗೇಶಿ ಹಾಡುವ ಹೆಣ್ಣುಮಕ್ಕಳು ಗಂಡಿನ ಹೆಚ್ಚುಗಾರಿಕೆಯನ್ನು ಸಭೆಯೊಳಗೇ ಹರಿದು ಹಾಕುವರು. ಕೇಳಿ ಶಿಳ್ಳೆ ಹೊಡೆದವರೇ ಮನೆಗೆ ಹೋಗಿ ಆ ಹೆಣ್ಣುಮಕ್ಕಳ ಬಗ್ಗೆ ಹಗುರಾಗಿ ಮಾತಾಡುವರು. ಅದಿರಲಿ. ದಪ್ಪು ಕುರಿ-ಆಡಿನ ಚರ್ಮದ್ದು, ಅದನ್ನು ಯಾವ ಜಾತಿಯವನಾದರೂ ಹಿಡಿಯಬಹುದಿತ್ತು. ಹಲಗಿ ಹಾಗಲ್ಲ. ಹುಲ್ಲು ಸುಟ್ಟು ಕಾಸಿ, ಬಲಗೈಯಾಗ ದಪ್ಪ ಕೋಲು ಎಡಗೈಯಾಗ ಸಣ್ಣ ಕಡ್ಡಿ ಹಿಡಿದು ಬಡಿಯುವ ಹಲಗಿ ನಮ್ಮ ಕೇರಿಯದು. ಹೆಣದ ಮುಂದೆ ಹಲಗಿ, ಜಾತ್ರಿಗೆ ಹಲಗಿ, ಊರಿಗೆ ಡಂಗುರ ಸಾರಲಿಕ್ಕೆ ಹಲಗಿ. ಕೊಟ್ಟಷ್ಟು ಆಯ, ಹಾಕಿದಷ್ಟು ಕೂಳು. ವಂಶಪಾರಂಪರ್ಯದ ಊರ ಚಾಕರಿಯನ್ನು 1961ರ ಕಾಯ್ದೆ ರದ್ದು ಮಾಡಿತು, 1963ರಿಂದ ಅದು ಜಾರಿಗೂ ಬಂತು. ಕಾಯ್ದೆ ಬೆಂಗಳೂರಿನಿಂದ ನಮ್ಮ ಕೇರಿಗೆ ಬರಲಿಕ್ಕೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ಕೇರಿಯ ಮುದುಕರನ್ನೇ ಕೇಳಬೇಕು.

ಇಲ್ಲೊಂದು ತಮಾಷೆ ಇದೆ. ಹೋಳಿ ಹುಣ್ಣಿಮೆಗೆ ನಮ್ಮ ಕಡೆ ಎಲ್ಲ ಜಾತಿಯವರೂ ಹಲಗಿ ಬಡಿಯುತ್ತಾರೆ. ಶೆಟ್ಟರ ಹುಡುಗ, ಗೌಡರ ಹುಡುಗ, ನೇಕಾರರ ಹುಡುಗ, ಎಲ್ಲರ ಹೆಗಲಿಗೂ ಹಲಗಿ. ಬಾಯಿಗೆ ಬಂದದ್ದು ಬೈಯಬಹುದು, ಬೊಬ್ಬೆ ಹೊಡೆಯಬಹುದು, ಯಾರೂ ಏನೂ ಅನ್ನುವ ಹಾಗಿಲ್ಲ. ಕಾಮಣ್ಣನನ್ನು ಸುಟ್ಟು ಬಣ್ಣ ತೊಳೆದುಕೊಂಡ ಮರುದಿನ ಹಲಗಿ ಮತ್ತೆ ಕೇರಿಗೆ. ಅದೇ ಚರ್ಮ, ಅದೇ ಕೋಲು. ನಾಲ್ಕೈದು ದಿನ ಮೈಲಿಗೆ ಎಲ್ಲಿ ಹೋಗಿತ್ತು, ಆರನೇ ದಿನ ಎಲ್ಲಿಂದ ಬಂತು?

ಹೋಳಿಯ ಮಾತು ತೆಗೆಯಲಿಕ್ಕೆ ಕಾರಣವಿದೆ. ಈಚೆಗೆ ನಮ್ಮ ಓಣಿಯ ಹುಡುಗನೊಬ್ಬ ಬೆಂಗಳೂರಿನ ಕೆಲಸದಿಂದ ರಜೆಗೆ ಬಂದವನು ತನ್ನ ಫೋನಿನಲ್ಲಿ ಇಂಗ್ಲಿಷ್ ಹಾಡು ಹಚ್ಚಿದ. ಲಂಡನ್ನಿನ ‘ದಿ ಕ್ಲ್ಯಾಶ್’ ಎಂಬ ಮೇಳ, ಪಂಕ್ ಎಂಬ ಬಗೆಯ ಸಂಗೀತ. ಮೂರು ನಿಮಿಷ ಕಿವಿಗೆ ಬಡಿಯಿತು. ನಮ್ಮೊಳಗಿನ ಹಿರಿಯರೊಬ್ಬರು, “ಇದೇನೋ, ಹೋಳಿ ಹುಣ್ಣಿಮಿ ಇದ್ದಂಗ ಐತಲ್ಲೋ” ಅಂದರು. ಹುಡುಗ ನಕ್ಕು, ಆ ಮೇಳದ ಮುಂದಾಳು ಜೋ ಸ್ಟ್ರಮ್ಮರನ ಬಗ್ಗೆ ಹೇಳತೊಡಗಿದ. ಹೇಳುತ್ತ ಹೇಳುತ್ತ ಆ ದೇಶದ ಅಭಿಮಾನಿಗಳೂ ಅದೇ ಪ್ರಶ್ನೆ ಕೇಳಿದ್ದು ಹೊರಬಿತ್ತು: ಇವನು ಯಾರ ಪೈಕಿ?

ನಾವು ಕೆದಕಿ ತಿಳಿದದ್ದು ಇಷ್ಟು. 1976ರ ಲಂಡನ್. ಕೆಲಸವಿಲ್ಲದ ಹುಡುಗರು, ಕರಿಯರ ಓಣಿಗಳಲ್ಲಿ ಪೋಲೀಸರ ಕಾಟ. ಆ ವರ್ಷ ಜೂನಿನಲ್ಲಿ ಸೌತಾಲ್ ಎಂಬಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ ಎಳೆಯ ಹುಡುಗನನ್ನು ಬಿಳಿಯರು ಇರಿದು ಕೊಂದರು. ಆಗಸ್ಟಿನಲ್ಲಿ ನಾಟಿಂಗ್ ಹಿಲ್ ಜಾತ್ರೆಯಲ್ಲಿ ಕರಿಯ ಹುಡುಗರಿಗೂ ಪೋಲೀಸರಿಗೂ ಹೊಡೆದಾಟ. ಈ ಬಿಸಿಯಲ್ಲಿ ಹುಟ್ಟಿದ್ದು ಪಂಕ್. ಸಂಗೀತ ಕಲಿತಿರಬೇಕಾಗಿಲ್ಲ, ಮೂರು ಪಟ್ಟು ಗೊತ್ತಿದ್ದರೆ ಸಾಕು, ಮೇಳ ಕಟ್ಟು ಎಂಬ ಧೋರಣೆ. ಸೆಕ್ಸ್ ಪಿಸ್ಟಲ್ಸ್ ಎಂಬ ಮೇಳದವರು ಡಿಸೆಂಬರಿನಲ್ಲಿ ಟೆಲಿವಿಷನ್ನಿನಲ್ಲಿ ಬೈದರು, ಇಡೀ ದೇಶದ ಮರ್ಯಾದಸ್ಥರು ಹೌಹಾರಿದರು. 1977ರಲ್ಲಿ ರಾಣಿಯ ಪಟ್ಟದ ಬೆಳ್ಳಿಹಬ್ಬದ ಹೊತ್ತಿಗೆ ರಾಣಿಯ ಮೇಲೆಯೇ ಹಾಡು ಕಟ್ಟಿದರು, ಬಿಬಿಸಿ ಅದನ್ನು ಬಾನುಲಿಯಲ್ಲಿ ಹಾಕಲಿಲ್ಲ. ಒಂದು ಬೈಗುಳಕ್ಕೆ ಇಷ್ಟು ರಾದ್ಧಾಂತವೇ ಎಂದು ನಾವು ನಗುವ ಹಾಗಿಲ್ಲ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ನಮ್ಮ ನಾಡು ಏನು ಮಾಡಿತು? ದಲಿತ ಹುಡುಗರ ಹಾಸ್ಟೆಲ್ಲುಗಳ ಮೇಲೆ ಕಲ್ಲು ಬಿದ್ದವು, ಮಂತ್ರಿಗಿರಿ ಹೋಯಿತು. ಬೂಸಾ ಬೈಗುಳವೂ ಅಲ್ಲ, ದನದ ಮೇವು.

ಸ್ಟ್ರಮ್ಮರನ ಖರೆ ಹೆಸರು ಜಾನ್ ಗ್ರಹಾಂ ಮೆಲ್ಲರ್. 1952ರಲ್ಲಿ ಹುಟ್ಟಿದ್ದು ತುರ್ಕಸ್ತಾನದ ಅಂಕಾರಾದಲ್ಲಿ. ಅಪ್ಪ ಬ್ರಿಟನ್ನಿನ ವಿದೇಶಾಂಗ ಖಾತೆಯ ನೌಕರ. ಆ ಅಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ! ಹುಡುಗ ಕೈರೋ, ಮೆಕ್ಸಿಕೋ, ಬಾನ್ ಸುತ್ತಿ, ಆಮೇಲೆ ಫೀಸು ಕಟ್ಟಿ ಓದುವ ವಸತಿಶಾಲೆಯಲ್ಲಿ ಬೆಳೆದ. ಬಡವರ ಸಿಟ್ಟನ್ನು ಹಾಡುವವನು ಬಡವನಲ್ಲ ಎಂದು ಗೊತ್ತಾದಾಗ ಅಭಿಮಾನಿಗಳಲ್ಲಿ ಕೆಲವರು ಮುಖ ಸಿಂಡರಿಸಿದರು. ಅವನ ಮೇಳದ ಮಿಕ್ ಜೋನ್ಸ್ ಅಜ್ಜಿಯ ಕೈಯಲ್ಲಿ ಬೆಳೆದವನು, ಪಾಲ್ ಸಿಮೊನನ್ ಬ್ರಿಕ್ಸ್‌ಟನ್ನಿನ ಕರಿಯರ ಓಣಿಯ ಹಾಡು ಕೇಳಿ ಬೆಳೆದವನು. ಆದರೆ ಮುಂದೆ ನಿಂತವನು ಸರಕಾರಿ ನೌಕರನ ಮಗ. 1977ರ ಜನವರಿಯಲ್ಲಿ ಆ ಮೇಳ ಒಂದು ಲಕ್ಷ ಪೌಂಡಿಗೆ ದೊಡ್ಡ ಕಂಪನಿಯೊಂದಿಗೆ ಕರಾರು ಮಾಡಿಕೊಂಡಾಗ, ಪಂಕ್ ಇವತ್ತು ಸತ್ತಿತು ಎಂದು ಸಾರಿದವನು ಮಾರ್ಕ್ ಪೆರಿ. ಅವನು ಬ್ಯಾಂಕಿನ ಗುಮಾಸ್ತನಾಗಿದ್ದವನು. ಕೈಬರಹದ, ಟೈಪು ಮಾಡಿದ ಹಾಳೆಗಳನ್ನು ನಕಲು ತೆಗೆದು ಪಿನ್ನು ಹೊಡೆದು ಹಂಚುವ ಒಂದು ಪತ್ರಿಕೆ ನಡೆಸುತ್ತಿದ್ದ. ಸೈಕ್ಲೋಸ್ಟೈಲಿನ ಮಸಿ ಅಂಗಿಗೆ ಮೆತ್ತಿಸಿಕೊಂಡ ನಮಗೆ ಈ ಪುಣ್ಯಾತ್ಮನ ಬಗ್ಗೆ ಓದಿ ನಮ್ಮವನೇ ಒಬ್ಬ ಸಿಕ್ಕ ಹಾಗಾಯಿತು.

ಆದರೂ ಬಹಳ ಜನ ಸ್ಟ್ರಮ್ಮರನನ್ನು ಬಿಟ್ಟುಕೊಡಲಿಲ್ಲ. 1978ರ ಏಪ್ರಿಲ್ 30ರಂದು ಜನಾಂಗದ್ವೇಷದ ವಿರುದ್ಧ ಹತ್ತಾರು ಸಾವಿರ ಜನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ನಡೆದು ಹೋದಾಗ ಕ್ಲ್ಯಾಶ್ ಅಲ್ಲಿ ಹಾಡಿತು. ಅದೇ ವೇದಿಕೆಯಲ್ಲಿ ಕರಿಯ ಹುಡುಗರ ಸ್ಟೀಲ್ ಪಲ್ಸ್ ಮೇಳವೂ ಇತ್ತು, ಸೊಮಾಲಿಯಾದ ಅಪ್ಪನ ಮಗಳು ಪಾಲಿ ಸ್ಟೈರೀನ್ ಮುಂದೆ ನಿಂತು ಹಾಡುವ ಎಕ್ಸ್-ರೇ ಸ್ಪೆಕ್ಸ್ ಮೇಳವೂ ಇತ್ತು. ಸ್ಟ್ರಮ್ಮರ್ 2002ರಲ್ಲಿ ತೀರಿಹೋದ. ಪಾಲಿ 2011ರಲ್ಲಿ. ನಮಗೆ ಕೇಳಿದರೆ ಆ ದಿನದ ವೇದಿಕೆಯ ಮೇಲೆ ಪಾಲಿಯನ್ನು ನೋಡಬೇಕಿತ್ತು. ಅವಳ ಹೆಸರು ಮಾತ್ರ ಹುಡುಗನ ಫೋನಿನಲ್ಲಿ ಇರಲಿಲ್ಲ; ನಾವೇ ಹುಡುಕಿ ಹೇಳಬೇಕಾಯಿತು.

ನಮ್ಮಲ್ಲಿ ಆ ವರ್ಷಗಳಲ್ಲಿ ಹಾಡು ಬಂದದ್ದು ದಕ್ಷಿಣದಿಂದ. ಮಾಗಡಿ ಕಡೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ, ಕೂಲಿ ಮಾಡುವ ತಾಯಿತಂದೆಯರ ಸಂಗಡ ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು, ಹಾಸ್ಟೆಲ್ಲಿನಲ್ಲಿ ಓದಿದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಪುಸ್ತಕ ನಮ್ಮ ಕೈಗೆ ಸಿಗುವ ಮೊದಲೇ ಹಾಡು ಕಿವಿಗೆ ಸಿಕ್ಕಿತ್ತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, 1975ರಲ್ಲಿ ಹುಟ್ಟಿದ ಸಮುದಾಯದ ಜಾಥಾಗಳಲ್ಲಿ, ಮೈಸೂರಿನ ಜನ್ನಿಯಂಥವರ ಗಂಟಲಿನಿಂದ ಹೊರಟು, ಬಸ್ಸು ರೈಲು ಹತ್ತಿ ಅದು ಬೆಟಗೇರಿಯ ಮಗ್ಗದ ಓಣಿಗೂ ಮುಂಡರಗಿಯ ಸಂತೆಗೂ ಬಂತು. ಬರುವಾಗ ರಾಗ ಸ್ವಲ್ಪ ಬದಲಾಯಿತು, ‘ಅಲ್ಲಿ ಇಲ್ಲಿ’ ಹೋಗಿ ‘ಅಲ್ಲೆ ಇಲ್ಲೆ’ ಆಯಿತು. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ಆದ ಮೇಲಂತೂ ಹಾಡು ಕೇಳದ ಕಟ್ಟೆ ಇರಲಿಲ್ಲ. ನರಗುಂದದ ವೀರಪ್ಪ ಕಡ್ಲಿಕೊಪ್ಪ, ನವಲಗುಂದದ ಬಸಪ್ಪ ಲಕ್ಕುಂಡಿ ಆ ದಿನ ಸತ್ತರು. ಅವರ ಹೆಸರು ಇವತ್ತಿಗೂ ವರ್ಷಕ್ಕೊಮ್ಮೆ ಜನರ ಬಾಯಲ್ಲಿ ಬರುತ್ತದೆ. ಹಲಗಲಿಯ ಹಾಡುಗಾರನಿಗೆ ಆಗದ್ದು ಇವರಿಗಾದರೂ ಆಯಿತು.

ಕವಿ ಆಮೇಲೆ ಪ್ರಾಧ್ಯಾಪಕರಾದರು, 1988ರಲ್ಲಿ ವಿಧಾನ ಪರಿಷತ್ತಿನ ಸದಸ್ಯರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮೊಳಗೆ ಜಗಳ ಎದ್ದದ್ದು ಸುಳ್ಳಲ್ಲ. ಹುಲಿ ಬೋನಿಗೆ ಹೋಯಿತು ಎಂದವರಿದ್ದರು. ಕೇರಿಯವನು ಒಬ್ಬ ಕುರ್ಚಿ ಮೇಲೆ ಕೂತರೆ ಮಾತ್ರ ನಿಮಗೆ ಕ್ರಾಂತಿ ನೆನಪಾಗ್ತದೇನು ಎಂದು ತಿರುಗಿ ಕೇಳಿದವರೂ ಇದ್ದರು. ನಾವು ಎರಡನೆಯವರ ಕಡೆ. ಲಂಡನ್ನಿನ ಹುಡುಗರ ದೂರು ಬೇರೆ, ನಮ್ಮದು ಬೇರೆ. ಅವರ ಮುಂದಾಳು ಮೇಲಿನಿಂದ ಕೆಳಗೆ ಬಂದು ಹಾಡಿದ. ಬೇಡವಾದರೆ ತಿರುಗಿ ಹೋಗಲು ದಾರಿ ಇತ್ತು. ನಮ್ಮ ಕವಿ ಕೆಳಗಿನಿಂದ ಹಾಡುತ್ತ ಮೇಲೆ ಹತ್ತಿದ. ತಿರುಗಿ ಹೋಗಬೇಕೆಂದರೆ ಕೇರಿಯೇ ಇತ್ತು. 2021ರ ಜೂನ್ 11ರಂದು ಕೊರೊನಾದಲ್ಲಿ ಅವರು ಹೋದ ಸುದ್ದಿ ಬಂದಾಗ ಜಗಳವಾಡಿದವರೂ ಅವರದೇ ಹಾಡು ಗುನುಗಿದರು.

ಈಗ ನಮ್ಮ ತಪ್ಪಿನ ಮಾತು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ಬೇಸಿಗೆ. ಜನ ಕೂಡಲಿ ಎಂದು ಕೇರಿಯ ಒಬ್ಬ ಅಜ್ಜನ ಕೈಯಲ್ಲಿ ಹಲಗಿ ಬಡಿಸಿದೆವು. ಏನು ಬಡಿದ! ಎರಡು ಫರ್ಲಾಂಗಿನಾಚೆ ಹೊಲದಲ್ಲಿದ್ದವರೂ ಬಂದರು. ಜನ ಕೂಡಿದ ಮೇಲೆ ಅಜ್ಜನನ್ನು ಹಿಂದೆ ನಿಲ್ಲಿಸಿ ನಾವು ಮೈಕಿನ ಮುಂದೆ ನಿಂತೆವು. ಮುಂದೆ ನಿಂತ ನಾಲ್ವರಲ್ಲಿ ಮೂವರು ಕೇರಿಯವರಲ್ಲ. ಹಾಡು ಮಾತ್ರ ಕೇರಿಯದು. ಹೆಣದ ಮುಂದೆ ಹಲಗಿ ಬಡಿಯುವುದನ್ನು ಬಿಡಿರಿ ಎಂದು ಭಾಷಣವನ್ನೂ ಮಾಡಿದೆವು. ಎಲ್ಲ ಮುಗಿದ ಮೇಲೆ ಅಜ್ಜ ಹಲಗಿ ಕೆಳಗಿಟ್ಟು ಕೇಳಿದ: “ತಮ್ಮಾ, ಗೌಡ್ರ ಹೆಣದ ಮುಂದ ಬಡಿಬ್ಯಾಡ ಅಂತೀರಿ. ಖರೆ ಐತಿ. ನಿಮ್ಮ ಹಾಡಿನ ಮುಂದ ಬಡಿ ಅಂತೀರಿ. ಗೌಡ್ರು ಸೇರು ಜೋಳ ಕೊಡ್ತಿದ್ರು. ನೀವೇನು ಕೊಡ್ತೀರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಒಬ್ಬರು ಏನೋ ವರ್ಗಸಂಘರ್ಷ ಅಂತ ಶುರುಮಾಡಿ ಅರ್ಧಕ್ಕೆ ಬಿಟ್ಟರು. ನೀನೇ ಒಂದು ಹಾಡಪ್ಪ ಎಂದು ಕೇಳಿದೆವು, ಮಾತು ಮರೆಸಲಿಕ್ಕೆ ಅಂತ ಇಟ್ಟುಕೊಳ್ಳಿರಿ. ಅಜ್ಜ ಎದ್ದು ಮುಂದೆ ಬಂದ. ಎತ್ತಿಕೊಂಡದ್ದು ಹಲಗಲಿಯ ಪದ. ಅಪ್ಪನಿಂದ ಕಲಿತದ್ದಂತೆ. ನಾವು ಪುಸ್ತಕದಲ್ಲಿ ಓದಿದ್ದಕ್ಕಿಂತ ಉದ್ದವಿತ್ತು, ಪುಸ್ತಕದಲ್ಲಿ ಇಲ್ಲದ ಒಂದು ಮುದುಕಿಯ ಮಾತು ಅದರಲ್ಲಿತ್ತು. ಕೊನೆಗೆ ಕಲ್ಮೇಶನ ಹೆಸರು ಬಂತು. ಅಲ್ಲಿ ನಿಲ್ಲಿಸಿ, “ನಮ್ಮಪ್ಪ ಕಲ್ಮೇಶನ ಗುಡಿಯೊಳಗ ಒಂದಿನನೂ ಹೋಗಿಲ್ಲ. ಹೊರಗ ನಿಂತು ಹೆಸರು ಹಾಡ್ಯಾನ” ಅಂದ.

ಆ ರಾತ್ರಿ ಬಸ್ಸು ತಪ್ಪಿತು. ಕುರ್ತಕೋಟಿಯ ಆ ಮೊದಲ ಹಾಡುಗಾರ ಗುಡಿಯ ಒಳಗಿನವನೋ ಹೊರಗಿನವನೋ ಎಂದು ನಾವು ಶಾಲೆಯ ಪಡಸಾಲೆಯಲ್ಲಿ ಮಲಗಿ ಬೆಳಗಿನ ತನಕ ವಾದ ಮಾಡಿದೆವು. ವಾದಕ್ಕೆ ನಮ್ಮವರು ಬಹಳ ಗಟ್ಟಿ. ಅಜ್ಜ ಹಾಡಿದ್ದನ್ನು ಫ್ಲೀಟ್ ಸಾಹೇಬನಾಗಿದ್ದರೆ ಅಲ್ಲಿಯೇ ಕೂತು ಬರೆದುಕೊಳ್ಳುತ್ತಿದ್ದ. ನಮ್ಮ ಜೋಳಿಗೆಯಲ್ಲಿ ಕಾಗದವಿತ್ತು, ಪೆನ್ನಿತ್ತು, ಮರುದಿನ ಹಂಚಬೇಕಾದ ಇನ್ನೂರು ಕರಪತ್ರವಿತ್ತು. ಒಬ್ಬರೂ ಬರೆದುಕೊಳ್ಳಲಿಲ್ಲ. ಮುಂದಿನ ವರ್ಷ ಹೋದಾಗ ಅಜ್ಜ ಇರಲಿಲ್ಲ. ಆ ಮುದುಕಿ ಹಾಡಿನೊಳಗೆ ಏನು ಹೇಳಿದ್ದಳೆಂದು ಕೇಳಿದರೆ ನಾವು ನಾಲ್ವರೂ ನಾಲ್ಕು ಥರ ಹೇಳುತ್ತೇವೆ.